ಬೆಂಕಿಪೊಟ್ಟಣದ ಹೊಂಬಾಳಮ್ಮ

ಹೊಂಬಾಳಮ್ಮ ಸತ್ತ ಚೇಳನ್ನು ಬೆಂಕಿಪೊಟ್ಟಣದಿಂದ ಅಂಗೈಗೆ ಸುರಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸುವಾಗಿನಂತೆ ಕಣ್ಣು ಕಿರಿದಾಗುತ್ತಿತ್ತು. ನಮ್ಮ ಆಸ್ಪತ್ರೆಗೆ ಕಡಿಸಿಕೊಂಡು ಬರುವವರು ಕಡಿದದ್ದನ್ನೂ ಕೊಂದು ಜೊತೆಗೆ ತರುತ್ತಾರೆ. ಡಾಕ್ಟರು ಅದನ್ನು ದೂರ ಇಡಿಸುತ್ತಿದ್ದರು. ಕೈಯಲ್ಲಿ ಹಿಡಿದು ಹೆಸರು ಹೇಳುತ್ತಿದ್ದವರು, ಹತ್ತಾರು ವರ್ಷ ರೇಷ್ಮೆ ತೋಟಗಳಲ್ಲಿ ಸೊಪ್ಪು ಕೊಯ್ದು, ಆಮೇಲೆ ಕೂಟಗಲ್‌ನಿಂದ ಆಯಾ ಕೆಲಸಕ್ಕೆ ಬರುತ್ತಿದ್ದ ಈಯಮ್ಮ ಒಬ್ಬರೇ.

ನಾನು ಅಲ್ಲಿ ಚೀಟಿ ಬರೆಯುವವನು. ಕೆಂಚೇಳು, ಮಂಡ್ರಗಪ್ಪೆ ಎಂಬ ದೊಡ್ಡ ಕರಿಚೇಳು, ಜರಿ, ಜೇಡ, ಉಣ್ಣೆ, ಎಲ್ಲಕ್ಕೂ ನನ್ನ ರಿಜಿಸ್ಟರಿನಲ್ಲಿದ್ದದ್ದು ಒಂದೇ ಹೆಸರು: ವಿಷಜಂತು ಕಡಿತ. ಮೇಲಿನವರು ಹಾಗೆ ಬರೆ ಎಂದಿದ್ದರು, ನಾನೂ ಬರೆಯುತ್ತಿದ್ದೆ. ಮರಳವಾಡಿಯವರೊಬ್ಬರು ಗದ್ದೆಯ ನಳ್ಳಿಯಿಂದ, ಅಂದರೆ ಏಡಿಯಿಂದ, ಬೆರಳು ಕಚ್ಚಿಸಿಕೊಂಡು ಬಂದಾಗಲೂ ಗಟ್ಟಿಯಾಗಿ ಹೇಳಿಕೊಂಡು ಅದನ್ನೇ ಬರೆದೆ. ನೆಲ ಒರೆಸುತ್ತಿದ್ದ ಹೊಂಬಾಳಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಸಾರು ಮಾಡ್ಕೊಂಡು ಉಣ್ಣೋ ನಳ್ಳೀನೂ ವಿಷಜಂತು ಮಾಡ್ಬುಟ್ಯಲ್ಲ ಮಗ. ಯಾವ್ದು ಅಂತ ಬರೀದಿದ್ರೆ ಔಸ್ದಿ ಯಾವ್ದಕ್ಕೆ ಕೊಟ್ಟಾರು?"

ನಾನು ನಕ್ಕುಬಿಟ್ಟೆ. ಆ ನಗು ಜಯಮ್ಮ ಬಂದ ದಿನ ಇಳಿಯಿತು.

ಮಧ್ಯಾಹ್ನ ಸೊಪ್ಪು ಕೊಯ್ಯುವಾಗ ಜಯಮ್ಮನ ಬೆರಳಿಗೆ ಏನೋ ಕುಟುಕಿತ್ತು. ಗಂಡ ಟಿಫನ್ ಡಬ್ಬಿಯಲ್ಲಿ ಗೇಣುದ್ದದ ಮಂಡ್ರಗಪ್ಪೆಯನ್ನು ತಂದಿದ್ದ. ಡಾಕ್ಟರು ಡಬ್ಬಿಯೊಳಗೆ ಇಣುಕಿ, ಇದರಿಂದ ನೋವಷ್ಟೇ, ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗಿ ಎಂದು ಒಳಗೆ ಹೋದರು. ಹೊಂಬಾಳಮ್ಮ ಆಕೆಯ ಪಾದ ಮುಟ್ಟಿದರು. ತಣ್ಣಗಿತ್ತು. ಮೈಯೆಲ್ಲ ಬೆವರು ಸುರಿಯುತ್ತಿತ್ತು. ಇದನ್ನು ಎಲ್ಲಿ ಹೊಡೆದೆ ಎಂದು ಗಂಡನನ್ನು ಕೇಳಿದರು. ಕಡಿದದ್ದನ್ನು ಅವನು ನೋಡಿಯೇ ಇರಲಿಲ್ಲ. ಬದುವಿನ ಕಲ್ಲು ಎತ್ತಿದಾಗ ಕಂಡದ್ದನ್ನು ಸಾಯಿಸಿ ತಂದಿದ್ದ.

ಹೊಂಬಾಳಮ್ಮ ಹೋಗಿ ಡಾಕ್ಟರ ಬಾಗಿಲಿಗೆ ಅಡ್ಡ ನಿಂತರು. ಇದು ಕೆಂಚೇಳಿನ ಕೆಲಸ ಎಂದರು. ಕಸ ಗುಡಿಸುವವಳು ನನಗೆ ಹೇಳಿಕೊಡುತ್ತೀಯಾ ಎಂದು ಡಾಕ್ಟರು ರೇಗಿದರು.

"ಗುಡ್ಸೋ ಕಸದಾಗೇ ಇವೆಲ್ಲ ಇರಾದು ಸಾರ್. ಕರೀದು ಉರ್ಸ್ತದೆ, ಕೆಂಪುದು ತಣ್ಣಗೆ ಮಾಡಿ ಕೊಲ್ತದೆ. ಆಯಮ್ಮನ್ ಕೈನ ಒಸಿ ಮುಟ್ಟಿ ನೋಡಿ."

ಡಾಕ್ಟರು ಮುಟ್ಟಿದರು. ಮುಖ ಬದಲಾಯಿತು. ಮಾತ್ರೆ ನುಂಗಿಸಿ, ಆಂಬುಲೆನ್ಸ್ ತರಿಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಜಯಮ್ಮ ಉಳಿದಳು. ಆ ವಾರ ಪತ್ರಿಕೆಯಲ್ಲಿ ವೈದ್ಯರ ಸಮಯಪ್ರಜ್ಞೆಯನ್ನು ಹೊಗಳಿ ಸುದ್ದಿ ಬಂತು, ಫೋಟೊ ಸಮೇತ. ಹೊಂಬಾಳಮ್ಮನ ಬಗ್ಗೆ ಒಂದಕ್ಷರವಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನೇನು ಕಡಿಮೆ? ಅಂದೂ ರಿಜಿಸ್ಟರಿನಲ್ಲಿ ವಿಷಜಂತು ಕಡಿತ ಎಂದೇ ಬರೆದಿದ್ದೆ.

ಕಳೆದ ವರ್ಷ ಗುತ್ತಿಗೆಯ ಏಜೆನ್ಸಿ ಬದಲಾಯಿತು. ಕೆಲಸದಿಂದ ತೆಗೆದುಹಾಕಿದ ಆದೇಶದಲ್ಲಿ 'ಡಿ ಗ್ರೂಪ್, ನಾಲ್ಕು ಮಂದಿ' ಎಂದಿತ್ತು. ಹೆಸರು ಕೂಡ ಹಾಕಿರಲಿಲ್ಲ. ಹೊಂಬಾಳಮ್ಮ ಸ್ಟೋರಿನ ಬೀಗದಕೈ ಒಪ್ಪಿಸಲು ನನ್ನ ಮೇಜಿನ ಹತ್ತಿರ ಬಂದಾಗ ಆ ಹಾಳೆ ತೋರಿಸಿ ಏಜೆನ್ಸಿಯವರನ್ನು ಬಾಯಿಗೆ ಬಂದಂತೆ ಬೈದೆ. ಅವರು ಹಾಳೆಯ ಕಡೆ ನೋಡಲೇ ಇಲ್ಲ.

"ನನ್ ಹೆಸ್ರು ಅತ್ಲಾಗಿರ್ಲಿ ಬುಡು. ಅವುಗಳ ಹೆಸ್ರಾದ್ರೂ ನೆಟ್ಟಗೆ ಬರಿ. ಬಸ್ಸು ಬತ್ತದೆ, ಬತ್ತೀನಿ ಮಗ."

ಮತ್ತೆ ಅವರನ್ನು ನಾನು ನೋಡಿಲ್ಲ.

ಮೊನ್ನೆ ಸೋಲೂರಿನಿಂದ ಬಂಧುಗಳ ಮನೆಗೆ ಬಂದಿದ್ದ ಮುದುಕರೊಬ್ಬರನ್ನು ಏನೋ ಕುಟುಕಿತೆಂದು ಕರೆತಂದರು. ಅವರ ಮಗಳು ನನ್ನ ಮೇಜಿನ ಮೇಲೆ ಬೆಂಕಿಪೊಟ್ಟಣ ಇಟ್ಟಳು. ತೆರೆದರೆ, ಒಳಗಿದ್ದದ್ದು ಗುರುತು ಸಿಗದಂತೆ ಜಜ್ಜಿಹೋಗಿತ್ತು. ಡಾಕ್ಟರು ಒಳಗಿನಿಂದಲೇ, ಇಂಜೆಕ್ಷನ್ ಬರೆದುಕೊಡು ಎಂದು ಕೂಗಿದರು. ಹೊಸ ಆಯಾ ದೂರ ಸರಿದು ನಿಂತಿದ್ದಳು. ನಾನು ಪೆನ್ನು ಕೆಳಗಿಟ್ಟು ಮುದುಕರ ಕೈ ಮುಟ್ಟಿ ನೋಡಿದೆ.

ತಣ್ಣಗಿತ್ತು. ಎದ್ದುಹೋಗಿ ಡಾಕ್ಟರ ಬಾಗಿಲಿಗೆ ಅಡ್ಡ ನಿಂತೆ.