ಮುರಿದ ಪಾದ

ಆ ಶುಕ್ರವಾರವೂ ಬೆಳಿಗ್ಗೆ ಮಂಡಕ್ಕಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ ಡಬ್ಬಿ ತುಂಬಿದೆ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಡಂ ಕಾಲೇಜಿನಲ್ಲಿ ಜೈವಿಕ ಇಂಜಿನಿಯರಿಂಗ್ ಸಂಶೋಧನಾ ವಿದ್ಯಾರ್ಥಿಗಳಿಗೆ ವಾರವಾರವೂ ಸೆಮಿನಾರ್ ನಡೆಸುತ್ತಿದ್ದರು, ತಿಂಡಿ ನನ್ನದು. ಅಂದು ಡಬ್ಬಿಯ ಜೊತೆ ನಾನೂ ಹೋದೆ.

ಮೇಡಂ ಕನ್ನಡಕವನ್ನು ತಲೆಯ ಮೇಲೇರಿಸಿ ಕೊನೆಯ ಬೆಂಚಿನಲ್ಲಿ ಕೂತರು. "ಕೆಟ್ಟಿದ್ದು ಮೊದ್ಲು ತೋರ್ಸ್ರಿ," ಎಂದರು. ಯಾವಾಗಲೂ ಅದೇ ಮಾತು. ನಾನು ಓದಿದ ಕಾನ್ವೆಂಟಿನಲ್ಲಿ ತಪ್ಪನ್ನು ಅಳಿಸಿಯೇ ಪುಸ್ತಕ ತೋರಿಸಬೇಕಿತ್ತು.

ಹರಿಹರದ ಹುಡುಗಿ ತಾನು ಮಾಡಿದ ಕೃತಕ ಪಾದವನ್ನು ಮೇಜಿನ ಮೇಲಿಟ್ಟಳು. ಹಿಮ್ಮಡಿ ಸೀಳಿತ್ತು. ಏಕೆ ಸೀಳಿತೆಂದು ಎಲ್ಲರೂ ವಾದಿಸುತ್ತಿರುವಾಗ ವಿಭಾಗದ ಮುಖ್ಯಸ್ಥರು ಒಳಬಂದರು.

"ನಾಳೆ ತಪಾಸಣೆಯವ್ರು ಬರ್ತಾರೆ. ಮುರಿದಿದ್ದೆಲ್ಲ ಒಳಗಿಡ್ರಿ."

"ಮುಚ್ಚಿಟ್ರೆ ಯಾರೋ ಹಾಕ್ಕೊಂಡಾಗ ಮುರೀತೈತಿ ಸರ್," ಎಂದರು ಮೇಡಂ.

"ಹಂಗಾದ್ರೆ ಸೆಮಿನಾರೇ ಬ್ಯಾಡ, ಬಿಡ್ರಿ."

ಐದು ವರ್ಷದ ಶುಕ್ರವಾರಗಳು ಆ ಒಂದು ಮಾತಿಗೆ ಮುಗಿದವು. ಅದನ್ನು ಹೇಳುವಾಗ ಆತ ನನ್ನ ಮಂಡಕ್ಕಿ ತಿನ್ನುತ್ತಿದ್ದ! ನನ್ನ ಮೈ ಉರಿಯಿತು. ಮೇಡಂ ಕನ್ನಡಕ ಇಳಿಸಿಕೊಂಡು ಹುಡುಗಿಯನ್ನು ಕೇಳಿದರು: "ಸೀಳಿದ್ದು ಎಷ್ಟೈತಿ, ಅಳತೆ ತಗೊಂಡ್ಯೇನಮ್ಮಾ?"

ಸಂಜೆ ಡಬ್ಬಿ ತೊಳೆಯುತ್ತಾ ಪಕ್ಕದ ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಒಣಗಿದ ಬಟ್ಟೆ ಮಡಚುತ್ತಲೇ ಅಂದಳು: "ಒಳ್ಳೇದೇ ಆತು ಬಿಡ್ರಿ ಅಕ್ಕಾರೆ, ಶುಕ್ರವಾರ ನಿಮ್ಗೆ ಮಂಡಕ್ಕಿ ಹಿಂಡೋದು ತಪ್ತು."