ಪುಕ್ಕಟೆ ಸೀಟು

ಪಕ್ಕದ ಬಂಗಲೆಯ ಗೌರಮ್ಮನಿಗೆ ಎಲ್ಲವೂ ಪುಕ್ಕಟೆ ಎಂದು ಲಕ್ಷ್ಮೀ ನಗರದ ನಮ್ಮ ಗಲ್ಲಿಯ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಾರೆ. ಡಾಕ್ಟರ್ ಪ್ರೇಮಾ ಅವರ ಬಂಗಲೆಯ ಹಿಂದೆ ಇರಲು ಖೋಲಿ. ಬಡವರ ಮಕ್ಕಳಿಗೆಂದು ಸರ್ಕಾರ ಕಾಯ್ದಿರಿಸಿದ ಸೀಟಿನಲ್ಲಿ ಮಗಳು ಯಶಸ್ವಿನಿಗೆ ಇಂಗ್ಲಿಷ್ ಶಾಲೆ, ಎಂಟನೆಯ ತರಗತಿಯವರೆಗೆ ಶುಲ್ಕವಿಲ್ಲ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಪುಕ್ಕಟೆಗೆ ಅವಳು ಏನು ತೆರುತ್ತಿದ್ದಾಳೆಂದು ದಿನಾ ನೋಡುವವಳು ನಾನು.

ಗೌರಮ್ಮ ವಿಜಯಪುರದ ಕಡೆಯವಳು. ಕಟ್ಟಡ ಕೆಲಸಕ್ಕೆಂದು ಹಿಂದಿ ಮಾತಾಡುವ ಈ ಊರಿಗೆ ಕರೆತಂದ ಗಂಡ ಹನುಮಂತ ಕಾಯಿಲೆ ಬಿದ್ದು ತೀರಿಕೊಂಡ. ಅಂದಿನಿಂದ ಪ್ರೇಮಾ ಅವರ ಅಡುಗೆಮನೆಯೇ ಗತಿ, ಬೆಳಗಿನ ಇಡ್ಲಿಯಿಂದ ಅತಿಥಿಗಳ ಎಂಜಲು ತಟ್ಟೆಯವರೆಗೆ. ರಜೆ ಕೇಳಿದರೆ ಪ್ರೇಮಾ ಮೆಲ್ಲಗೆ ನಗುತ್ತಾರೆ. ಕೆಟ್ಟವರೇನಲ್ಲ, ತಾವು ಕೊಟ್ಟದ್ದನ್ನು ಮರೆಯದವರು, ಅಷ್ಟೇ.

ಸೀಟು ಸಿಕ್ಕಿದ್ದು ಶಾಲೆಗೆ ಮನೆ ಹತ್ತಿರವೆಂದು. ಆ ಮನೆಯ ವಿಳಾಸ ಪ್ರೇಮಾ ಅವರದು. ದೂರ ಹೋದರೆ ಸೀಟೂ ಹೋಗುತ್ತದೆಯೇ? ಶಾಲೆಯಲ್ಲೇ ಕೇಳಿ ಬಾ ಎಂದು ಎಷ್ಟೋ ಸಲ ಗದರಿದ್ದೇನೆ. "ಕೇಳಾಕ ಹೋದ್ರ ಶಾಲಿಯವರ ಕಣ್ಣಿಗೆ ಬೀಳ್ತೀವ್ರಿ ವೈನಿ," ಎನ್ನುತ್ತಾಳೆ. "ಸುಮ್ನಿದ್ರ ಬರೋಬರ್ ನಡೀತೈತಿ."

ಕಳೆದ ಭಾನುವಾರ ಅವಳ ತಮ್ಮ ಉಮಾಕಾಂತ ಸ್ಕೂಟರ್ ಮೇಲೆ ಬಂದ. ಇಲ್ಲಿಂದ ದೂರದ ಹಳೇ ಪೇಟೆ ಮಹಾಲ್‌ನಲ್ಲಿ ಜೋಳದ ರೊಟ್ಟಿಯ ಖಾನಾವಳಿ ಹಾಕಿದ್ದಾನೆ. ಮಹಡಿಯಲ್ಲಿ ಇರಲು ಕೋಣೆ ಇದೆ, ಅಕ್ಕ ಬಂದು ರೊಟ್ಟಿ ಬಡಿದರೆ ಅರ್ಧ ಪಾಲು ಅವಳದೇ. ಗೌರಮ್ಮನ ಮುಖ ಅರಳಿದ್ದನ್ನು ನಮ್ಮ ಅಂಗಳದಿಂದಲೇ ಕಂಡೆ. ಕೈ ಒರೆಸಿಕೊಂಡು ಹೋಗಿ ವರಾಂಡದಲ್ಲಿದ್ದ ಪ್ರೇಮಾ ಅವರಿಗೆ ಹೇಳಿಯೇಬಿಟ್ಟಳು.

"ಹೋಗಿ ಗೌರಮ್ಮ, ನಾನ್ಯಾಕೆ ತಡೀಲಿ," ಎಂದರು ಪ್ರೇಮಾ. "ಆದ್ರೆ ಸ್ಕೂಲಿನವರು ಕೇಳಿದ್ರೆ, ನಮ್ಮನೇಲೇ ಇದಾರೆ ಅಂತ ಸುಳ್ಳು ಹೇಳಕ್ಕೆ ನನ್ನ ಕೈಲಾಗಲ್ಲ."

ಗೌರಮ್ಮ ಗೇಟಿನ ಕಡೆ ತಿರುಗಿದಳು. ಗೇಟಿನಾಚೆಯಿಂದ ಉಮಾಕಾಂತ, "ಏನಂತೀ ಅಕ್ಕಾ?" ಎಂದು ಕೂಗಿದ.

"ಇಲ್ಲೇ ಚಲೋ ಐತೋ ತಮ್ಮಾ."

ಗೇಟಿನ ಬಳಿ ಗೆಳತಿಯರೊಡನೆ ಹಿಂದಿಯಲ್ಲಿ ಹರಟುತ್ತಿದ್ದ ಯಶಸ್ವಿನಿಗೆ ಕೇಳಿಸಿದ್ದು 'ಚಲೋ' ಒಂದೇ. ಅವ್ವ ಹೊರಡೋಣ ಎನ್ನುತ್ತಿದ್ದಾಳೆಂದುಕೊಂಡು ಹುಡುಗಿ ಓಡಿ ಮಾವನ ಸ್ಕೂಟರ್ ಹತ್ತಿ ಕುಳಿತಳು. ಹಿಂದೆ ಅವ್ವನಿಗೂ ಜಾಗ ಬಿಟ್ಟಿದ್ದಳು.

ಇಳಿ ಎಂದರೆ ಇಳಿಯಲಿಲ್ಲ. ಹೋದರೆ ಶಾಲೆ ತಪ್ಪುತ್ತದೆ ಎಂದು ಗೌರಮ್ಮ ಬಿಡಿಸಿ ಹೇಳಬೇಕಾಯಿತು. ಹುಡುಗಿ ಸ್ಕೂಟರ್ ಮೇಲಿಂದಲೇ ಕೇಳಿದಳು:

"ಅವ್ವಾ, ನಾ ಫೇಲಾದ್ರ ಹೋಗೂಣೇನ?"

ಗೌರಮ್ಮ ಮಗಳ ರಟ್ಟೆ ಹಿಡಿದು ಇಳಿಸಿದಳು. ಹೋಗು ಎಂದು ತಮ್ಮನಿಗೆ ಕೈ ಮಾಡಿದಳು. ಒಳಗಿನಿಂದ ತಾನೇ ಗೇಟಿನ ಅಗುಳಿ ಹಾಕಿ, ಪುಸ್ತಕ ತಗೊಂಡು ಓದಾಕ ಕೂಡು ಎಂದು ಮಗಳನ್ನು ಖೋಲಿಗೆ ಕಳಿಸಿದಳು.