ನೆದರು ತೆಗೆಯುವ ಡಾಕ್ಟರು

ಹುಮನಾಬಾದಿನ ಸ್ಕ್ಯಾನಿಂಗ್ ಡಾಕ್ಟರ್ ತುಳಜಾರಾಮರಿಗೆ ಸಣ್ಣ ಕರುಳೆಂದರೆ ಬಸವಕಲ್ಯಾಣದ ಬಸ್ಸು. ಕೂಸಿನ ಹೊಟ್ಟೆಗೆ ಜೆಲ್ ಸವರಿ, ತೆರೆ ನೋಡುತ್ತ, “ಎಡಕ್ಕ ಹೊರಳಬೇಕಿತ್ರಿ, ಬಲಕ್ಕೇ ನಿಂತದ. ಹುಟ್ಟುತ್ಲೇ ರೂಟ್ ತಪ್ಪ್ಯದ, ಅದಕ್ಕ ಕರುಳು ಸುತ್ಕೊಂಡದ” ಎನ್ನುತ್ತಾರೆ. ಮದುವೆಯೂಟದಲ್ಲಿ ಜಿಲೇಬಿ ಬಡಿಸಿದರೂ ಅದು ಯಾವ ಕಡೆ ಸುತ್ತಿಕೊಂಡಿದೆ ಎಂದು ಬೆರಳಾಡಿಸಿ ನೋಡಿಯೇ ಬಾಯಿಗಿಡುತ್ತಾರೆ. ಕರೆಂಟು ಹೋದರೆ ಕರೆಂಟಿಗೇ ಬೈಯುವ ಈ ಮುಂಗೋಪಿ, ಕರುಳು ತಿರುಚಿ ಹಸಿರು ವಾಂತಿ ಮಾಡುವ ಮೊಮ್ಮಗನನ್ನು ಹೊತ್ತು ತಂದ ಮೋರಖಂಡಿಯ ಮುದುಕಿ, “ಕೂಸಿಗಿ ದೃಷ್ಟಿ ತಾಗ್ಯದಂತ ಎರಡ್ ದಿನ ಮೆಣಸಿನಕಾಯಿಲೆ ನೆದರ ತಗದೇವ್ರಿ” ಎಂದರೆ ಮಾತ್ರ ಬೈಯುವುದಿಲ್ಲ. “ಇರ್ಲಿ ಆಯಿ, ಈಗ ನಂದೂ ಒಂದ್ ನೆದರ ಬೀಳಲಿ” ಎನ್ನುತ್ತ ಒಂದು ಕೈಯಿಂದ ಹೊಟ್ಟೆಗೆ ಜೆಲ್ ಸವರಿ, ಇನ್ನೊಂದು ಕೈಯಿಂದ ಸರ್ಜನ್‌ಗೆ ಫೋನು ಹಚ್ಚುತ್ತಾರೆ. ಡಾಕ್ಟರು ಚಿಕ್ಕವರಿದ್ದಾಗ ತಮ್ಮೂರು ಘಾಟಬೋರಾಳದಲ್ಲಿ ಅವರ ಎಳೆಗೂಸು ತಮ್ಮನಿಗೂ ಹೀಗೇ ಹಸಿರು ವಾಂತಿಯಾದಾಗ ಅವ್ವ ಎರಡು ದಿನ ನೆದರು ತೆಗೆದಿದ್ದಳು. ಮೂರನೆಯ ದಿನ ತೆಗೆಯಲು ಕೂಸೇ ಇರಲಿಲ್ಲ.